ಸೈನಿಕನ ಉಡುಪು: ಕೆಂಪಿನಿಂದ ಖಾಕಿಗೆ, ಖಾಕಿಯಿಂದ ಹಸಿರಿಗೆ

ಮುಂಬಯಿಯ ಕೋಟೆ ವಿಭಾಗದಲ್ಲಿ ನೌಕಾದಳದ ಹಡಗುಕಟ್ಟೆಗೆ ಹೋಗುವ ಲಯನ್ ಗೇಟ್ ಎಂಬ ಹೆಬ್ಬಾಗಿಲಿದೆ. ಬೆಳಗಿನ ಹೊತ್ತು ಅದರ ಎದುರು ಅರ್ಧ ಗಂಟೆ ನಿಂತವರಿಗೆ ಈ ನಗರದ ಉಡುಪುಗಳ ಮೆರವಣಿಗೆಯೇ ಕಾಣಸಿಗುವುದು. ಬಾಗಿಲ ಬಳಿ ನೌಕಾದಳದವರು. ಬೀದಿಯಲ್ಲಿ ಖಾಕಿ ತೊಟ್ಟ ಪೊಲೀಸರು, ಬಸ್ಸಿನ ಕಂಡಕ್ಟರರು, ಟ್ಯಾಕ್ಸಿ ಚಾಲಕರು. ಉಚ್ಚ ನ್ಯಾಯಾಲಯದತ್ತ ಕರಿಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಡೆಯುವ ವಕೀಲರು. ಇವರ ನಡುವೆ ಕಛೇರಿಗೆ ಧಾವಿಸುವ ನೌಕರರಿಗೆ ಮಾತ್ರ ಗೊತ್ತಾದ ಉಡುಪೆಂಬುದು ಉಳಿದಿಲ್ಲ. ಹಿಂದೆ ಅವರು ಧೋತರದ ಮೇಲೆ ಕೋಟು ತೊಟ್ಟು ತಲೆಗೆ ಟೋಪಿಯಿಟ್ಟು ಹೋಗುತ್ತಿದ್ದರು. ತರುವಾಯ ಪ್ಯಾಂಟೂ ಟೈಯೂ ಬಂದವು. ಈಗ ಟೈ ಕಟ್ಟಿದವರನ್ನು ಹುಡುಕಬೇಕು. ಹೊರಗಿನ ಉಡುಪುಗಳು ಹೀಗೆ ಬದಲಾಗುತ್ತಿರುವಾಗ ಸೈನ್ಯದ ಉಡುಪು ಎಂದಿನಂತೆಯೇ ಇರುವುದೆಂದು ನಾವು ಭಾವಿಸುವುದುಂಟು. ಅದು ನಿಜವಲ್ಲ. ಅದೂ ಬದಲಾಗುತ್ತಲೇ ಬಂದಿದೆ; ಒಮ್ಮೆಯಂತೂ ಆ ಬದಲಾವಣೆಗಾಗಿ ರಕ್ತವೇ ಹರಿದಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಟಿಪ್ಪು ಸುಲ್ತಾನನ ಮಕ್ಕಳನ್ನು ಇಂಗ್ಲಿಷರು ವೆಲ್ಲೂರಿನ ಕೋಟೆಯಲ್ಲಿ ಇರಿಸಿದ್ದರು. ಅದೇ ಕೋಟೆಯಲ್ಲಿ ಮದರಾಸು ಸೈನ್ಯದ ಸಿಪಾಯಿಗಳೂ ಇದ್ದರು. ಅವರ ಉಡುಪನ್ನು ಯುರೋಪಿನ ಮಾದರಿಗೆ ತರಬೇಕೆಂದು ಮೇಲಿನವರಿಗೆ ತೋರಿತು. ರುಮಾಲಿನ ಬದಲು ಹ್ಯಾಟನ್ನು ಹೋಲುವ, ಚರ್ಮದ ತುಂಡು ಸೇರಿಸಿದ ಹೊಸ ಶಿರಸ್ತ್ರಾಣವನ್ನು ವಿಧಿಸಿದರು, ಕವಾಯತಿನ ವೇಳೆ ಹಣೆಯ ಮೇಲೆ ನಾಮ, ವಿಭೂತಿಗಳು ಇರಕೂಡದೆಂದರು, ಗಡ್ಡವನ್ನು ಬೋಳಿಸಬೇಕೆಂದರು. ಆಕ್ಷೇಪಿಸಿದವರಿಗೆ ಛಡಿಯೇಟು ಬಿದ್ದಿತು. 1806ನೆಯ ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ದಂಗೆಯೆದ್ದು ಕೋಟೆಯನ್ನು ಹಿಡಿದರು. ಆರ್ಕಾಟಿನಿಂದ ಬಂದ ಕುದುರೆ ಸವಾರರು ಅದೇ ದಿನ ದಂಗೆಯನ್ನು ಅಡಗಿಸಿದರು. ನೂರಾರು ಸಿಪಾಯಿಗಳು ಸತ್ತರು. ಕೊನೆಗೆ ಆ ಆಜ್ಞೆಗಳನ್ನು ಹಿಂತೆಗೆದುಕೊಳ್ಳಲಾಯಿತು. ಮದರಾಸಿನ ಗವರ್ನರ್ ಬೆಂಟಿಂಕನನ್ನೂ ಸೇನಾಪತಿ ಕ್ರ್ಯಾಡಕನನ್ನೂ ವಿಲಾಯತಿಗೆ ಹಿಂದಕ್ಕೆ ಕರೆಸಿದರು. ದಂಗೆಗೆ ಬೇರೆ ಕಾರಣಗಳೂ ಇದ್ದವು. ಆದರೂ ತೊಡುವವನ ಮನಸ್ಸನ್ನು ಕೇಳದೆ ಅವನ ತಲೆಯ ಮೇಲೆ ಟೋಪಿಯಿಟ್ಟುದೇ ಕಿಡಿಯಾಯಿತೆಂಬುದರಲ್ಲಿ ಸಂದೇಹವಿಲ್ಲ.

ಆ ಕಾಲದ ಸೈನಿಕನ ಅಂಗಿ ಕೆಂಪು. ಇದಕ್ಕೆ ಅಂದವೊಂದೇ ಕಾರಣವಲ್ಲ. ಅಂದಿನ ಬಂದೂಕಿನ ಮದ್ದು ದಟ್ಟವಾದ ಹೊಗೆಯನ್ನು ಕಾರುತ್ತಿತ್ತು. ಆ ಹೊಗೆಯಲ್ಲಿ ತನ್ನವರಾರು, ಶತ್ರುವಾರು ಎಂದು ತಿಳಿಯಲು ಗಾಢವಾದ ಬಣ್ಣ ಬೇಕಿತ್ತು. ಹೊಗೆಯಿಲ್ಲದ ಮದ್ದೂ ದೂರಕ್ಕೆ ಗುರಿಯಿಡುವ ರೈಫಲ್ಲೂ ಬಂದ ಮೇಲೆ ಕೆಂಪಂಗಿಯವನು ತಾನೇ ಗುರಿಯಾದನು. ಹೀಗಾಗಿ ಕಾಣಿಸಿಕೊಳ್ಳುವ ಉಡುಪು ಹೋಗಿ ಕಾಣಿಸದ ಉಡುಪು ಬರಬೇಕಾಯಿತು. ಇಂಡಿಯಾದ ಸೆಕೆ, ಧೂಳುಗಳು ಅದನ್ನು ಮೊದಲೇ ಕಲಿಸಿದ್ದವು. ಪೇಶಾವರದಲ್ಲಿ 1846ರಲ್ಲಿ ಹುಟ್ಟಿದ ಗೈಡ್ಸ್ ಎಂಬ ಪಡೆಗೆ ಅದರ ನಾಯಕ ಲಮ್ಸ್‌ಡನ್ ಮಣ್ಣಿನ ಬಣ್ಣದ ಬಟ್ಟೆಯನ್ನು ತೊಡಿಸಿದನು. ಖಾಕ್ ಎಂದರೆ ಪಾರಸಿ ಭಾಷೆಯಲ್ಲಿ ಧೂಳು. ಖಾಕಿ ಎಂದರೆ ಧೂಳಿನ ಬಣ್ಣದ್ದು. 1857ರಲ್ಲಿ ಗೋರಾ ಸೈನಿಕರೂ ತಮ್ಮ ಬಿಳಿಯ ಬಟ್ಟೆಗಳನ್ನು ಚಹದ ನೀರಿನಲ್ಲಿ ಅದ್ದಿ ಮಾಸಲು ಮಾಡಿಕೊಂಡರು.

ಇಲ್ಲಿ ನಮ್ಮ ಕರಾವಳಿಯ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾರೆವು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಅಲ್ಲಿ ನೇಯ್ಗೆಯ ಕಾರ್ಖಾನೆಯನ್ನು ನಡೆಸುತ್ತಿದ್ದರು. 1851ರ ಸುಮಾರಿಗೆ ಅಲ್ಲಿಗೆ ಬಂದ ಹಾಲರ್ ಎಂಬ ನೇಯ್ಗೆಯ ಪರಿಣತನು ಖಾಕಿಯ ಬಣ್ಣವನ್ನು ತಯಾರಿಸಿದನೆಂದೂ, ಸೇನಾಪತಿ ಲಾರ್ಡ್ ರಾಬರ್ಟ್ಸ್ ಆ ಬಟ್ಟೆಯನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದನೆಂದೂ ಮಿಶನ್ನಿನ ಚರಿತ್ರೆಯಲ್ಲಿ ಹೇಳುತ್ತಾರೆ. ಖಾಕಿಯ ತವರು ಮಂಗಳೂರೇ ಎಂದು ಹೆಮ್ಮೆಪಡುವವರು ಮುಂಬಯಿಯ ನಮ್ಮವರಲ್ಲಿ ಅನೇಕರಿದ್ದಾರೆ. ನ್ಯಾಯವಾಗಿ ನುಡಿಯಬೇಕಾದರೆ, ಮಣ್ಣಿನ ಬಣ್ಣವನ್ನು ತೊಡುವ ಉಪಾಯ ಪೇಶಾವರದ್ದು. ಅದನ್ನು ಮಗ್ಗಕ್ಕೂ ಬಣ್ಣದ ತೊಟ್ಟಿಗೂ ತಂದ ಕೀರ್ತಿಯಲ್ಲಿ ಮಂಗಳೂರಿಗೆ ಪಾಲುಂಟು. ಅಷ್ಟು ಹೆಮ್ಮೆ ಸಾಕು. 1902ರಲ್ಲಿ ಬ್ರಿಟನ್ನಿನ ಸೈನ್ಯವೇ ತಾಯ್ನಾಡಿನಲ್ಲಿಯೂ ಖಾಕಿಯನ್ನು ಸ್ವೀಕರಿಸಿತು.

ಯುದ್ಧಕ್ಕೆಂದು ಹುಟ್ಟಿದ ಈ ಬಟ್ಟೆ ದುಡಿಮೆಯ ಬಟ್ಟೆಯಾದುದು ಅದರ ಎರಡನೆಯ ಜನ್ಮ. ಕೊಳೆಯನ್ನು ಎತ್ತಿ ತೋರಿಸದು, ಬಹುಕಾಲ ಬಾಳುವುದು, ಬೆಲೆಯೂ ಕಡಿಮೆ. ಊರು ಬಿಟ್ಟು ಬಂದು ಮುಂಬಯಿಯ ಹೊಟೇಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ಖಾಕಿ ಚಡ್ಡಿಯಲ್ಲಿಯೇ ತರಗತಿಗೆ ಬಂದು ಕೂರುತ್ತಿದ್ದರು. ಅವರಿಗೆ ಅದು ಶಿಸ್ತಿನ ಗುರುತಾಗಿರಲಿಲ್ಲ, ಇದ್ದುದು ಅದೊಂದೇ. ಇಂದು ರಿಕ್ಷಾ ಓಡಿಸುವವರಲ್ಲಿ ಸ್ವಂತ ಪರವಾನಗಿಯುಳ್ಳವನಿಗೆ ಬಿಳಿಯ ಉಡುಪು, ಪರರ ಗಾಡಿಯನ್ನು ಓಡಿಸುವವನಿಗೆ ಖಾಕಿ ಎಂಬ ನಿಯಮ ಮಹಾರಾಷ್ಟ್ರದಲ್ಲಿದೆ. ಬಟ್ಟೆಯೊಂದು ಯಜಮಾನನನ್ನೂ ಕೂಲಿಯವನನ್ನೂ ಬೇರ್ಪಡಿಸುವ ರೀತಿ ಇದು.

ಖಾಕಿ ಬೀದಿಗಿಳಿದಂತೆ ಸೈನ್ಯ ಅದರಿಂದ ದೂರ ಸರಿಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳೊಳಗೆ ಧೂಳಿನ ಬಣ್ಣ ಮರೆಮಾಡಲಿಲ್ಲ, ಹಸಿರು ಬೇಕಾಯಿತು. ಸ್ವತಂತ್ರ ಭಾರತದ ಭೂಸೈನ್ಯವೂ ಹಸಿರನ್ನೇ ಉಳಿಸಿಕೊಂಡಿತು. ಅದರ ಇತ್ತೀಚಿನ ಬದಲಾವಣೆಯನ್ನು ದೇಶ ಕಂಡುದು 2022ನೆಯ ಜನವರಿ 15ರಂದು, ದೆಹಲಿಯ ಕಾರ್ಯಪ್ಪ ಕವಾಯತು ಮೈದಾನದಲ್ಲಿ. ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಅದೇ ದಿನ ಭೂಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದರ ನೆನಪಿಗಾಗಿಯೇ ಆ ದಿನವನ್ನು ಸೇನಾದಿನವೆಂದು ಆಚರಿಸುವುದು. ಅಂದು ಪ್ಯಾರಾಚೂಟ್ ಪಡೆಯವರು ತೊಟ್ಟಿದ್ದ ಹೊಸ ಉಡುಪನ್ನು ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆಯ ಜೊತೆಗೂಡಿ ರೂಪಿಸಲಾಗಿತ್ತು. ಹಸಿರು ಮತ್ತು ಮಣ್ಣಿನ ಬಣ್ಣಗಳ ಸಣ್ಣ ಸಣ್ಣ ಚೌಕಗಳು ಅದರ ಮೈತುಂಬ ಚೆಲ್ಲಿವೆ. ನಮ್ಮ ಕಣ್ಣು ದೂರದಿಂದ ಮನುಷ್ಯನನ್ನು ಗುರುತಿಸುವುದು ಅವನ ಹೊರಗೆರೆಯಿಂದ. ಈ ಚೌಕಗಳು ಆ ಗೆರೆಯನ್ನೇ ಒಡೆದುಬಿಡುತ್ತವೆ. ಬಟ್ಟೆಯಲ್ಲಿ 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್. ಹಗುರ, ಬೇಗ ಒಣಗುವುದು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಬೇಕಾಗಿಲ್ಲ. ಇದು ಅಲ್ಪ ವಿಷಯವೆಂದು ನಗುವವರು ಮೇ ತಿಂಗಳಲ್ಲಿ ಒಂದು ದಿನ ಅಂಗಿಯನ್ನು ಬಿಗಿಯಾಗಿ ಸಿಕ್ಕಿಸಿ ಬೆಟ್ಟವೇರಿ ನೋಡಲಿ.

ನೌಕಾದಳದವರ ಸಮಸ್ಯೆ ಬೇರೆ. ಹಡಗಿನಲ್ಲಿ ಇರುವವನಿಗೆ ಶತ್ರುವಿನ ಕಣ್ಣಿಗಿಂತಲೂ ಬೆಂಕಿಯ ಭಯ ಹೆಚ್ಚು. ಅಮೆರಿಕದ ನೌಕಾದಳ ತನ್ನವರಿಗೆ ನೀಲಿ ಚೌಕಗಳ ಉಡುಪೊಂದನ್ನು ಕೊಟ್ಟಿತ್ತು. ಅದರ ನೈಲಾನ್ ಬೆರೆತ ಬಟ್ಟೆ ಬೆಂಕಿ ತಗುಲಿದರೆ ಕರಗಿ ಉರಿಯುವುದೆಂದು 2012ರಲ್ಲಿ ಪರೀಕ್ಷೆಯಿಂದ ತಿಳಿಯಿತು. ನೀರಿಗೆ ಬಿದ್ದವನನ್ನು ಅದೇ ನೀಲಿ ಅಡಗಿಸಿಬಿಡುವುದೆಂಬ ಹಾಸ್ಯವೂ ಹಬ್ಬಿತ್ತು. 2019ರಲ್ಲಿ ಅದನ್ನು ಕೈಬಿಟ್ಟರು. ನೋಟಕ್ಕೆ ಹೊಸದಾದುದೆಲ್ಲ ಕೆಲಸಕ್ಕೆ ಒದಗುವುದಿಲ್ಲ.

ನಮ್ಮ ನೌಕಾದಳದಲ್ಲಿ 2023ರ ಕೊನೆಯಲ್ಲಿ ಅಡ್ಮಿರಲರ ಭುಜಪಟ್ಟಿಗಳು ಬದಲಾದವು. ಛತ್ರಪತಿ ಶಿವಾಜಿ ಮಹಾರಾಜರ ಅಷ್ಟಕೋನದ ರಾಜಮುದ್ರೆಯಿಂದ ಪ್ರೇರಿತವಾದ ಚಿಹ್ನೆ ಅಲ್ಲಿಗೆ ಬಂದಿತು. ಕೊಂಕಣದ ಕಡಲಿನಲ್ಲಿ ನೌಕೆಗಳನ್ನು ಕಟ್ಟಿದವನ ನೆನಪು ಭುಜದ ಮೇಲಿರುವುದು ಯೋಗ್ಯವೇ ಸರಿ. ಆದರೆ ನಮಗೆ ಹೆಚ್ಚು ಮಹತ್ವದ್ದಾಗಿ ತೋರುವುದು 2024ರಲ್ಲಿ ಬಂದ ಇನ್ನೊಂದು ಅನುಮತಿ: ಅಧಿಕಾರಿಗಳು ತಮ್ಮ ಮೆಸ್ಸುಗಳಲ್ಲಿ ಕುರ್ತಾ ಪಾಯಜಾಮ ತೊಡಬಹುದು, ಮೇಲೊಂದು ತೋಳಿಲ್ಲದ ಜಾಕೀಟು ಇರಬೇಕು. ಯುದ್ಧನೌಕೆಗಳ ಮೇಲೆ ಇದು ಸಲ್ಲದು; ಯಂತ್ರಗಳ ನಡುವೆ ಸಡಿಲವಾದ ಬಟ್ಟೆ ಅಪಾಯಕರವೆಂಬುದು ಯಾರಿಗೂ ತಿಳಿಯುವ ಮಾತು. ದೇಶದ ನಿತ್ಯದ ಉಡುಪಿಗೆ ಮೆಸ್ಸಿನ ಬಾಗಿಲು ತೆರೆಯಲು ಸ್ವಾತಂತ್ರ್ಯದ ಬಳಿಕ 76 ವರ್ಷಗಳೇ ಹಿಡಿದವು.

ಲಯನ್ ಗೇಟಿನಿಂದ ಸ್ವಲ್ಪ ದೂರ ನಡೆದರೆ ಉಚ್ಚ ನ್ಯಾಯಾಲಯ. ಬೇಸಗೆಯಲ್ಲಿ ವಕೀಲರಿಗೆ ಕರಿಯ ಕೋಟು ಕಡ್ಡಾಯವಲ್ಲವೆಂದು ಅವರ ನಿಯಮದಲ್ಲಿದೆ. ಆದರೆ ಆ ವಿನಾಯಿತಿ ಕೆಳಗಿನ ನ್ಯಾಯಾಲಯಗಳಿಗೆ ಮಾತ್ರ, ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಅನ್ವಯಿಸದು. ಮೇ ತಿಂಗಳ ಮಧ್ಯಾಹ್ನ ಬಿಳಿಯ ಅರ್ಧತೋಳಿನ ನಾವಿಕನೂ ತೋಳಿನ ಮೇಲಿನ ಕೋಟನ್ನು ಬಿಡಿಸಿ ತೊಟ್ಟುಕೊಳ್ಳುವ ವಕೀಲನೂ ಒಂದೇ ಬೀದಿಯಲ್ಲಿ ಎದುರಾಗುತ್ತಾರೆ.