ನೀರು ಹಸಿರಾದರೆ ತೊಟ್ಟಿ ತೊಳೆಯಬೇಡಿ

ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಎಂಟು ಗೋಲ್ಡ್ ಫಿಶ್ ಇದ್ದವು. ಈಗ ಮೂರಿವೆ. ತಪ್ಪು ನನ್ನದೇ. ಬೇಸಿಗೆಯಲ್ಲಿ ನೀರು ಹಸಿರಾಗಿ ಮೀನೇ ಕಾಣದಂತಾದಾಗ, ಎಲ್ಲಾ ಖಾಲಿ ಮಾಡಿ, ಗೋಡೆ ಉಜ್ಜಿ, ನೇರವಾಗಿ ನಲ್ಲಿ ನೀರು ತುಂಬಿದೆ. ಬೆಳಿಗ್ಗೆ ಐದು ಮೀನು ಸತ್ತು ತೇಲುತ್ತಿದ್ದವು. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರುಗಳಿಗೆ ವಿಷ ಎಂದು ಆಮೇಲೆ ತಿಳಿಯಿತು.

ಪಾಚಿ ಹೆಚ್ಚಲು ಬಿಸಿಲು ಮತ್ತು ಗೊಬ್ಬರ ಸಾಕು. ಗೊಬ್ಬರ ಹಾಕುತ್ತಿದ್ದವರು ನಾವೇ! ತಮ್ಮ ದಿನಕ್ಕೆ ನಾಲ್ಕು ಸಲ ಆಹಾರ ಹಾಕುತ್ತಿದ್ದ, ದಾದಿ ಪ್ರೀತಿಯಿಂದ ರೊಟ್ಟಿ ಚೂರು ಎಸೆಯುತ್ತಿದ್ದರು. ಉಳಿದ ಆಹಾರ, ಮೀನಿನ ಮಲ ಕೊಳೆತರೆ ಸಾರಜನಕ, ರಂಜಕ ನೀರಿಗೆ ಸೇರುತ್ತವೆ.

ಮೈಲುತುತ್ತ ಹಾಕು ಎಂದವರೂ ಇದ್ದಾರೆ. ಅದರ ತಾಮ್ರ ಮೀನನ್ನೂ ಕೊಲ್ಲಬಹುದು. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನಲ್ಲಿ ಆಮ್ಲಜನಕವೂ ಉಳಿಯದು.

ಈಗ ದಿನಕ್ಕೊಮ್ಮೆ, ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಅರ್ಧ ತೊಟ್ಟಿಗೆ ನೆರಳಿನ ಬಲೆ ಕಟ್ಟಿದ್ದೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ಲೆಕ್ಕ ಸುಲಭ: 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳ ಅಂದರೆ 24 ಘನ ಅಡಿ, ಸುಮಾರು 680 ಲೀಟರ್. ಕಾಲು ಭಾಗ 170 ಲೀಟರ್, 15 ಲೀಟರಿನ ಹನ್ನೊಂದು ಕೊಡ. ಹೊಸ ನೀರು ಒಂದು ದಿನ ತೆರೆದ ಡ್ರಮ್ಮಿನಲ್ಲಿರಬೇಕು, ಆಗ ಕ್ಲೋರಿನ್ ಹೋಗುತ್ತದೆ. ತೆಗೆದ ನೀರು ಅಮ್ಮಿಯ ಕರಿಬೇವಿಗೆ.

ಮೂರು ವಾರಕ್ಕೆ ತೊಟ್ಟಿಯ ತಳ ಕಂಡಿತು. ಗೋಡೆಯ ಪಾಚಿಯನ್ನು ಹಾಗೇ ಬಿಟ್ಟಿದ್ದೇನೆ, ಮೀನುಗಳು ಅದನ್ನು ಮೇಯುತ್ತವೆ.