ಒಂದು ಪೆಟ್ಟಿಗೆಯ ಸಂಸಾರ

ಕೂಡಿ ಬಾಳಿದರೆ ಸ್ವರ್ಗಸುಖ ಎಂಬುದು ಲೋಕಾನುಭವದ ಮಾತು. ಆದರೆ ಮನೆಯಲ್ಲಿ ಸಂಗೀತ ಕೇಳುವ ಯಂತ್ರದ ವಿಷಯದಲ್ಲಿ ಈ ಮಾತನ್ನು ಒಪ್ಪದವರು ಅನೇಕರಿದ್ದಾರೆ. ಮೇಜಿನ ಮೇಲೆ ಒಂದು ರಿಸೀವರ್, ಅದರ ಇಬ್ಬದಿಗೆ ಎರಡು ಸ್ಪೀಕರುಗಳು. ಇಷ್ಟರಲ್ಲಿಯೇ ಹಲವು ವರ್ಷ ತೃಪ್ತಿಯಿಂದಿದ್ದ ರಸಿಕನಿಗೆ ಎಂದೋ ಒಂದು ದಿನ ಸಂಶಯ ಹುಟ್ಟುತ್ತದೆ. ಈ ಒಂದು ಪೆಟ್ಟಿಗೆಯ ಸಂಸಾರವನ್ನು ಭಾಗ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಮನೆ ಮಾಡಿಕೊಟ್ಟರೆ ನಾದವು ಇನ್ನಷ್ಟು ಶುದ್ಧವಾದೀತೇ? ಆದೀತೆನ್ನುತ್ತಾನೆ ಅಂಗಡಿಯವನು. ಎಷ್ಟಾದೀತು ಎಂದು ಕೇಳುತ್ತಾರೆ ಮನೆಯವರು. ಎರಡಕ್ಕೂ ಉತ್ತರ ಆ ಪೆಟ್ಟಿಗೆಯನ್ನು ಅರಿತುಕೊಳ್ಳುವುದರಲ್ಲಿದೆ.

ರಿಸೀವರಿನೊಳಗೆ ಮುಖ್ಯವಾಗಿ ಮೂವರು ವಾಸವಾಗಿದ್ದಾರೆ. ರೇಡಿಯೋ ತರಂಗಗಳನ್ನು ಹಿಡಿಯುವ ಟ್ಯೂನರ್ ಒಬ್ಬನು. ಬಂದ ಸಂಕೇತಗಳಲ್ಲಿ ಬೇಕಾದುದನ್ನು ಆರಿಸಿ, ಅದರ ಏರಿಳಿತವನ್ನು ಅಂಕೆಯಲ್ಲಿಡುವ ಪ್ರೀಆಂಪ್ಲಿಫೈಯರ್ ಇನ್ನೊಬ್ಬನು. ಅದಕ್ಕೆ ಬಲ ತುಂಬಿ ಸ್ಪೀಕರನ್ನು ನಡೆಸುವ ಪವರ್ ಆಂಪ್ಲಿಫೈಯರ್ ಮೂರನೆಯವನು. ಸಾಮಾನ್ಯವಾಗಿ ಮೂವರಿಗೂ ಅನ್ನವಿಕ್ಕುವುದು ಒಂದೇ ಟ್ರಾನ್ಸ್‌ಫಾರ್ಮರು. ಹೋಂ ಥಿಯೇಟರಿನ ರಿಸೀವರುಗಳಲ್ಲಾದರೋ ಐದೋ ಏಳೋ ಆಂಪ್ಲಿಫೈಯರುಗಳೂ, ಚಲನಚಿತ್ರದ ಧ್ವನಿಸಂಕೇತಗಳನ್ನು ಬಿಡಿಸುವ ಚಿಪ್ಪುಗಳೂ ಅದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕುಳಿತಿರುತ್ತವೆ.

ಮೊದಲು ಬೇರೆ, ಅನಂತರ ಒಂದು

ವಿಚಿತ್ರವೆಂದರೆ, ಇವರು ಮೊದಲು ಬೇರೆ ಬೇರೆಯಾಗಿಯೇ ಇದ್ದವರು. 1947ರಲ್ಲಿ ಡಿ. ಟಿ. ಎನ್. ವಿಲಿಯಂಸನ್ ಎಂಬ ಎಂಜಿನಿಯರು ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 15 ವ್ಯಾಟಿನ ವಾಲ್ವ್ ಆಂಪ್ಲಿಫೈಯರೊಂದರ ನಕ್ಷೆಯನ್ನು ಪ್ರಕಟಿಸಿದರು. ಹವ್ಯಾಸಿಗಳು ಬೆಸುಗೆ ಸಲಾಕೆ ಹಿಡಿದು ಅದನ್ನು ತಮ್ಮ ಮನೆಗಳಲ್ಲಿಯೇ ಕಟ್ಟಿಕೊಂಡರು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿಯು ಲಾಂಗ್‌ಪ್ಲೇ ತಟ್ಟೆಯನ್ನು ಹೊರತಂದ ಮೇಲೆ ಉತ್ತಮ ಯಂತ್ರಕ್ಕಾಗಿ ರಸಿಕರ ಹಂಬಲ ಇನ್ನೂ ಹೆಚ್ಚಿತು. 1953ರಲ್ಲಿ ಪೀಟರ್ ವಾಕರ್ ಅವರ ಕಂಪೆನಿ ತಯಾರಿಸಿದ ಕ್ವಾಡ್ 2 ಎಂಬ ಆಂಪ್ಲಿಫೈಯರಿನಲ್ಲಿ ಈ ವಿಭಾಗಕ್ರಮವು ಸೊಗಸಾಗಿ ಕಾಣುತ್ತದೆ. ಗುಂಡಿಗಳಿರುವ ಪುಟ್ಟ ಪೆಟ್ಟಿಗೆಯನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಕಾಯುವ ವಾಲ್ವುಗಳ ಭಾರವಾದ ಆಂಪ್ಲಿಫೈಯರು ಬೇರೆಡೆ ಇರುತ್ತಿತ್ತು. ಆದರೂ ಪುಟ್ಟ ಪೆಟ್ಟಿಗೆಗೆ ಬೇಕಾದ ವಿದ್ಯುತ್ತು ತಂತಿಯ ಮೂಲಕ ಹಿರಿಯಣ್ಣನಿಂದಲೇ ಬರುತ್ತಿತ್ತು. ಮನೆ ಬೇರೆಯಾದರೂ ಒಲೆ ಒಂದೇ.

ಮರುವರ್ಷ, ಎಂದರೆ 1954ರಲ್ಲಿ, ಅಮೆರಿಕದ ಹರ್ಮನ್ ಕಾರ್ಡನ್ ಕಂಪೆನಿಯು ಫೆಸ್ಟಿವಲ್ ಡಿ-1000 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಟ್ಯೂನರ್ ಮೊದಲಾದ ಮೂರೂ ಒಂದೇ ಕವಚದೊಳಗೆ ಸೇರಿದ್ದ ಹೈಫೈ ರಿಸೀವರುಗಳಲ್ಲಿ ಅದು ಮೊದಮೊದಲಿನದು. ಬೆಸುಗೆಯನ್ನರಿಯದ, ತಂತಿಗಳ ಗೋಜಲು ಬೇಡವೆನ್ನುವ ಸಾಮಾನ್ಯ ಗೃಹಸ್ಥನಿಗೂ ಒಳ್ಳೆಯ ಸಂಗೀತ ಎಟಕುವಂತಾಯಿತು. ರಿಸೀವರು ಮಾಡಿದ ದೊಡ್ಡ ಉಪಕಾರ ಇದು. ಸೌಕರ್ಯಕ್ಕಾಗಿ ಕೂಡಿದ ಸಂಸಾರ ಅದು ಎಂಬುದನ್ನು ಮಾತ್ರ ಮರೆಯಬಾರದು.

ಒಂದೇ ಸೂರಿನ ತೊಡಕುಗಳು

ಗ್ರಾಮಾಫೋನ್ ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳು ಹುಟ್ಟಿಸುವ ವಿದ್ಯುತ್ತು ಒಂದು ವೋಲ್ಟಿನ ಸಾವಿರ ಪಾಲಿನಲ್ಲಿ ನಾಲ್ಕೈದು ಪಾಲು ಮಾತ್ರ. ಅದೇ ಪೆಟ್ಟಿಗೆಯ ಇನ್ನೊಂದು ಮೂಲೆಯಿಂದ 8 ಓಮಿನ ಸ್ಪೀಕರಿಗೆ 100 ವ್ಯಾಟ್ ಹರಿಯುವಾಗ ಅಲ್ಲಿರುವುದು 28 ವೋಲ್ಟು, ಮೂರೂವರೆ ಆಂಪಿಯರು. ನಡುವೆ ಸೆಕೆಂಡಿಗೆ 50 ಬಾರಿ ಮಿಡಿಯುವ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಇಷ್ಟು ಸೂಕ್ಷ್ಮವೂ ಅಷ್ಟು ಪ್ರಬಲವೂ ಅಂಗುಲಗಳ ಅಂತರದಲ್ಲಿದ್ದರೆ, ಬಲ್ಲ ಎಂಜಿನಿಯರು ಎಚ್ಚರ ವಹಿಸದಿದ್ದಲ್ಲಿ, ನಿಶ್ಶಬ್ದದ ಗಳಿಗೆಯಲ್ಲಿ ಗುಂಯ್ ಎಂಬ ಸದ್ದು ಕೇಳುವುದು ಸಹಜ. ದೂರವಿಟ್ಟರೆ ಈ ಕಷ್ಟ ಕಡಿಮೆಯಾಗುತ್ತದೆ.

ಎರಡನೆಯದು ಬಲದ ಪ್ರಶ್ನೆ. ಆಲಾಪನೆಯನ್ನು ಹಿತವಾಗಿ ಕೇಳಲು ಸಾಧಾರಣ ಕೋಣೆಯಲ್ಲಿ ಸರಾಸರಿ ಒಂದು ವ್ಯಾಟ್ ಸಾಕಾಗುವುದುಂಟು. ಆದರೆ ಮೃದಂಗದ ಒಂದು ಗಟ್ಟಿಪೆಟ್ಟು ಕ್ಷಣಮಾತ್ರಕ್ಕೆ ಅದರ ಹತ್ತು ಪಟ್ಟನ್ನೋ, ಕೆಲವೊಮ್ಮೆ ನೂರು ಪಟ್ಟನ್ನೋ ಕೇಳೀತು. ಕೊಡುವ ಶಕ್ತಿ ಇಲ್ಲದಿದ್ದರೆ ಪೆಟ್ಟಿನ ತುದಿ ಮೊಂಡಾಗುತ್ತದೆ, ನಾದ ಒರಟಾಗುತ್ತದೆ. ಏಳು ಚಾನೆಲುಗಳಿಗೂ ತಲಾ 100 ವ್ಯಾಟ್ ಎಂದು ಹೇಳಿಕೊಳ್ಳುವ ಎಷ್ಟೋ ರಿಸೀವರುಗಳು ಅಷ್ಟನ್ನು ಕೊಡುವುದು ಒಂದೋ ಎರಡೋ ಚಾನೆಲು ದುಡಿಯುತ್ತಿರುವಾಗ ಮಾತ್ರ. ಎಲ್ಲರೂ ಒಟ್ಟಿಗೆ ಕೈಯೊಡ್ಡಿದರೆ ಪಾಲು ಕುಗ್ಗುತ್ತದೆ.

ಅಂಕಿಗಳನ್ನು ನಂಬುವ ಮುನ್ನ ಎಚ್ಚರ ಬೇಕು. ಟೇಪ್‌ರೆಕಾರ್ಡರುಗಳ ಮೇಲೆ ಪಿ.ಎಂ.ಪಿ.ಒ. ಎಂದು ನೂರಾರು ವ್ಯಾಟುಗಳನ್ನು ಬರೆಯುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದು ಕ್ಷಣಾರ್ಧದ ಲೆಕ್ಕವೇ ಹೊರತು ದುಡಿಮೆಯ ಲೆಕ್ಕವಲ್ಲ. ಇಂಥ ಜಾಹೀರಾತುಗಳನ್ನು ಅಂಕೆಯಲ್ಲಿಡಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮವೊಂದನ್ನು ಜಾರಿಗೆ ತಂದಿತು. ಎಷ್ಟು ಓಮಿಗೆ, ಯಾವ ಸ್ವರವ್ಯಾಪ್ತಿಯಲ್ಲಿ, ಎಷ್ಟು ವಿಕೃತಿಯೊಡನೆ ಆ ವ್ಯಾಟು ಲಭಿಸುತ್ತದೆಂಬುದನ್ನು ತಯಾರಕರು ಹೇಳಬೇಕಾಯಿತು. ಕೊಳ್ಳುವವರು ಇಂದಿಗೂ ಕೇಳಬೇಕಾದ ಮೂರು ಪ್ರಶ್ನೆಗಳು ಇವೇ.

ಹಣ ಎಲ್ಲಿ ಫಲಿಸುತ್ತದೆ?

ಹಾಗಾದರೆ ಕೂಡಲೇ ಭಾಗ ಮಾಡಿಬಿಡಬೇಕೇ? ನಿಲ್ಲಿ. ಬಲ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಧ್ವನಿ ಇಮ್ಮಡಿಯಾಯಿತೆಂದು ತೋರಲು ಬಲ ಹೆಚ್ಚುಕಡಿಮೆ ಹತ್ತು ಪಟ್ಟಾಗಬೇಕು. ಎರಡೂ ತಮ್ಮ ಮಾತಿಗೆ ತಪ್ಪದ ಯಂತ್ರಗಳಾದರೆ, 80 ವ್ಯಾಟಿನ ರಿಸೀವರನ್ನು ಬಿಟ್ಟು 100 ವ್ಯಾಟಿನ ಪ್ರತ್ಯೇಕ ಆಂಪ್ಲಿಫೈಯರನ್ನು ತಂದವನಿಗೆ ದಕ್ಕುವ ಬಲದ ಲಾಭ ಒಂದೇ ಡೆಸಿಬೆಲ್! ಅದೇ, ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 84 ಡೆಸಿಬೆಲ್ ಕೊಡುವ ಸ್ಪೀಕರಿಗೆ ಬದಲಾಗಿ 90 ಕೊಡುವ ಸ್ಪೀಕರನ್ನು ಇಟ್ಟರೆ, ಇದ್ದ ಆಂಪ್ಲಿಫೈಯರಿನ ಬಲ ನಾಲ್ಕು ಪಟ್ಟಾದಂತೆ.

ಆದುದರಿಂದ ಕ್ರಮ ಸ್ಪಷ್ಟವಿದೆ. ಮೊದಲನೆಯದು ಖರ್ಚಿಲ್ಲದ್ದು: ಸ್ಪೀಕರುಗಳನ್ನು ಗೋಡೆಯ ಮೂಲೆಯಿಂದ ಹೊರಗೆಳೆದು, ಬರಿಯ ಕಲ್ಲಿನ ನೆಲಕ್ಕೆ ಜಮಖಾನೆ ಹಾಸಿ ಕೇಳುವುದು. ಎರಡನೆಯದು ಒಳ್ಳೆಯ ಸ್ಪೀಕರು. ಅದು ಬಂದ ಮೇಲೆಯೂ ಧ್ವನಿಯನ್ನು ಏರಿಸಿದಾಗ ನಾದ ಒರಟಾಗುತ್ತಿದ್ದರೆ, ಪೆಟ್ಟಿಗೆ ಅತಿಯಾಗಿ ಕಾದು ತಾನಾಗಿಯೇ ನಿಲ್ಲುತ್ತಿದ್ದರೆ, ಆಗ ಪವರ್ ಆಂಪ್ಲಿಫೈಯರನ್ನು ಬೇರೆಯಾಗಿಸಲು ಕಾರಣವಿದೆ. ರಿಸೀವರಿನ ಹಿಂಬದಿಯಲ್ಲಿ ‘ಪ್ರೀ ಔಟ್’ ಎಂಬ ರಂಧ್ರಗಳಿದ್ದರೆ ಹಳೆಯದನ್ನು ಮಾರಬೇಕಾಗಿಯೂ ಇಲ್ಲ. ಭಾರದ ಕೆಲಸವನ್ನು ಹೊಸಬನಿಗೆ ವಹಿಸಿ ಅದು ಪ್ರೀಆಂಪ್ಲಿಫೈಯರಾಗಿ ಮುಂದುವರಿಯುತ್ತದೆ. ಪ್ರೀಆಂಪ್ಲಿಫೈಯರನ್ನು ಬದಲಾಯಿಸುವುದು ಕಡೆಯ ಮೆಟ್ಟಿಲು. ಸಣ್ಣ ದನಿಯಲ್ಲಿಯೂ ಸಾಹಿತ್ಯ ಅಸ್ಪಷ್ಟವಾಗಿದ್ದರೆ ದೋಷ ಬಹುಶಃ ಕೋಣೆಯದು ಅಥವಾ ಸ್ಪೀಕರಿನದು. ಆಂಪ್ಲಿಫೈಯರು ಅದನ್ನು ತಿದ್ದಲಾರದು.

ಅಂಗಡಿಯಲ್ಲಿ ಎರಡು ಯಂತ್ರಗಳನ್ನು ಹೋಲಿಸುವವರು ಮೊದಲು ಎರಡರ ಧ್ವನಿಯನ್ನೂ ಸಮ ಮಾಡಿಸಬೇಕು. ಕೊಂಚ ಗಟ್ಟಿಯಾಗಿ ಕೇಳುವುದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹಾವಿನ ಗಾತ್ರದ ದುಬಾರಿ ತಂತಿಗಳಿಗೂ ಮನಸೋಲಬೇಕಾಗಿಲ್ಲ. ಕೆಲವು ಅಡಿಗಳ ದೂರಕ್ಕೆ ತಕ್ಕಷ್ಟು ದಪ್ಪದ ಸಾಧಾರಣ ತಾಮ್ರದ ತಂತಿ ಸಾಕು.

ಭಾಗವಾದ ಮೇಲೆಯೂ ನಿಯಮಗಳುಂಟು. ಬೇರೆ ಬೇರೆ ಗೋಡೆಗಳ ಪ್ಲಗ್ಗುಗಳಿಂದ ವಿದ್ಯುತ್ತು ಪಡೆದರೆ ಅರ್ತ್ ತಂತಿಗಳ ನಡುವೆ ಬಳಸುದಾರಿ ಏರ್ಪಟ್ಟು, ಓಡಿಸಬೇಕೆಂದಿದ್ದ ಗುಂಯ್ ಸದ್ದೇ ಮರಳಿ ಬರಬಹುದು. ಎಲ್ಲವನ್ನೂ ಒಂದೇ ಬೋರ್ಡಿಗೆ ಸೇರಿಸುವುದು ಲೇಸು. ಪವರ್ ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕಡೆಯಲ್ಲಿ ಹೊತ್ತಿಸಿ, ಎಲ್ಲಕ್ಕಿಂತ ಮೊದಲು ಆರಿಸಬೇಕು. ಇಲ್ಲವಾದರೆ ಇತರ ಯಂತ್ರಗಳ ಗುಂಡಿ ಒತ್ತಿದಾಗಿನ ಧಡ್ ಎಂಬ ಹೊಡೆತ ಸ್ಪೀಕರಿಗೆ ತಗಲುತ್ತದೆ.

ಪ್ರತ್ಯೇಕ ಯಂತ್ರಗಳ ನಿಜವಾದ ಹಿರಿಮೆ ಆಯುಸ್ಸಿನಲ್ಲಿದೆ. ಧ್ವನಿಸಂಕೇತಗಳ ಪದ್ಧತಿ, ಜೋಡಣೆಯ ರಂಧ್ರಗಳ ಆಕಾರ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಅವುಗಳೊಡನೆ ರಿಸೀವರೂ ಹಳತಾಗುತ್ತದೆ. ಬಲ ತುಂಬುವ ಕೆಲಸ ಮಾತ್ರ ಬದಲಾಗಿಲ್ಲ. 1959ರಲ್ಲಿ ಅಮೆರಿಕದ ಡೈನಾಕೊ ಕಂಪೆನಿ ಹೊರತಂದ ಸ್ಟೀರಿಯೋ 70 ಎಂಬ, ಚಾನೆಲಿಗೆ 35 ವ್ಯಾಟಿನ ಆಂಪ್ಲಿಫೈಯರುಗಳಲ್ಲಿ ಎಷ್ಟೋ, ವಾಲ್ವು ಮತ್ತು ಕೆಪಾಸಿಟರುಗಳನ್ನು ಬದಲಾಯಿಸಿಕೊಂಡು ಇಂದಿಗೂ ಹಾಡುತ್ತಿವೆ. ಕೊರತೆ ಯಾವುದೆಂದು ಮೊದಲು ಕಿವಿಯಿಂದ ಕಂಡುಕೊಂಡು, ಒಂದೊಂದಾಗಿ, ಹಾಸಿಗೆ ಇದ್ದಷ್ಟು ಕಾಲು ಚಾಚಿದವನಿಗೆ ಹಣವೂ ಉಳಿಯುತ್ತದೆ, ಸಂಗೀತವೂ ಒಲಿಯುತ್ತದೆ.