ಕುಡಿಯದವರ ಲಿವರಿಗೂ ಕನ್ನ!

"ಹನಿ ಹೆಂಡ ಮುಟ್ಟಿದವನಲ್ಲ, ಅವನಿಗ್ಯಾಕಪ್ಪಾ ಲಿವರ್ ಕ್ಯಾನ್ಸರು?" ಎಂದು ಹುಬ್ಬೇರಿಸುವವರು ಊರಿಗೆ ಹತ್ತು ಮಂದಿ. ಲಿವರ್, ಅಂದರೆ ಪಿತ್ತಜನಕಾಂಗ, ಕುಡಿತದಿಂದ ಮಾತ್ರ ಕೆಡುತ್ತದೆಂಬುದು ಜನರ ಲೆಕ್ಕ. ಹೆಂಡ ಅಪರಾಧಿಯೇ ಸರಿ. ಆದರೆ ಒಂಟಿ ಅಪರಾಧಿಯಲ್ಲ.

ದೊಡ್ಡ ಆಸಾಮಿ ಎಂದರೆ ಹೆಪಟೈಟಿಸ್ ಬಿ ವೈರಸ್ಸು. ಒಬ್ಬರಿಗೆ ಚುಚ್ಚಿದ ಸೂಜಿ, ಹಳೇ ಬ್ಲೇಡು, ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆರಿಗೆ ವೇಳೆ ತಾಯಿಯಿಂದ ಮಗುವಿಗೂ ದಾಟುತ್ತದೆ. ಹಾಗೆ ದಾಟಿದರೆ ನೂರಕ್ಕೆ ಸುಮಾರು 90 ಕೂಸುಗಳಲ್ಲಿ ಖಾಯಂ ಠಿಕಾಣಿ ಹೂಡುತ್ತದೆ. ನೋವಿಲ್ಲ, ಜ್ವರವಿಲ್ಲ. ಇಪ್ಪತ್ತು ಮೂವತ್ತು ವರ್ಷ ಲಿವರ್ ಒಳಗೊಳಗೇ ಗಾಯವಾಗುತ್ತದೆ, ಮಾಯುತ್ತದೆ, ಮತ್ತೆ ಗಾಯ. ಕಲೆ ತುಂಬಿ ಗಟ್ಟಿಯಾದರೆ ಅದೇ ಸಿರೋಸಿಸ್. ಪದೇ ಪದೇ ಹೊಸ ಜೀವಕೋಶ ಹುಟ್ಟುವಾಗ ಒಂದು ಲೆಕ್ಕ ತಪ್ಪಿದರೆ ಸಾಕು, ಕ್ಯಾನ್ಸರಿಗೆ ಬೀಜ ಬಿತ್ತು. ಹೆಪಟೈಟಿಸ್ ಸಿ, ಹೆಂಡ, ಕೊಬ್ಬು ತುಂಬಿದ ಲಿವರ್, ಇವೂ ಹೆಚ್ಚಾಗಿ ಇದೇ ದಾರಿ ಹಿಡಿಯುತ್ತವೆ.

ಇನ್ನೊಬ್ಬ ಕಳ್ಳ ಅಂಗಡಿ ಮೂಟೆಯಲ್ಲೇ ಇರಬಹುದು. ಒದ್ದೆ ಕಡಲೆಕಾಯಿ, ಮುಸುಕಿನ ಜೋಳಕ್ಕೆ ಹಿಡಿಯುವ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷ ಟರ್ಕಿ ಕೋಳಿ ಸತ್ತ ಮೇಲೆ ಇದು ಬಯಲಾಯಿತು. 1974ರಲ್ಲಿ ರಾಜಸ್ತಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಕಾಮಾಲೆಯಾಗಿ ಸತ್ತರು. ಅದು ಒಮ್ಮೆಲೇ ಹೆಚ್ಚು ತಿಂದವರ ಕಥೆ. ಚೂರು ಚೂರೇ ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಕ್ಯಾನ್ಸರಿಗೆ ದಾರಿ. ಬಿ ವೈರಸ್ಸೂ ಜೊತೆಗಿದ್ದರೆ ಅಪಾಯ ಹಲವು ಪಟ್ಟು.

ಹೊಟ್ಟೆ ಉಬ್ಬಿ, ತೂಕ ಇಳಿದು, ಬಲಪಕ್ಕೆ ನೋಯುವ ಹೊತ್ತಿಗೆ ರೋಗ ಬಹುದೂರ ಹೋಗಿರುತ್ತದೆ. ಬಾಗಿಲು ಮೊದಲೇ ಹಾಕಬೇಕು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಬಿ ಲಸಿಕೆ ಹಾಕಿಸಿ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 1984ರಲ್ಲೇ ಶುರುಮಾಡಿದ ತೈವಾನಿನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಇಳಿದೇ ಹೋಯಿತು. ಕ್ಷೌರಕ್ಕೆ ಕೂತಾಗ ಹೊಸ ಬ್ಲೇಡು ಕೇಳಿ. ಸೊಪ್ಪಿನ ರಸ ಕುಡಿದು ಕಾಮಾಲೆ ಇಳಿಯಿತೆಂದು ಸುಮ್ಮನಾಗಬೇಡಿ. ಕಣ್ಣು ಬಿಳಿಯಾದರೂ ವೈರಸ್ಸು ಒಳಗೇ ಉಳಿದಿರಬಹುದು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಅಂಗಡಿಯವರಿಗೆ ಒಂದು ಮಾತು. ಮೂಟೆ ಒಣಗಿದ ಜಾಗದಲ್ಲಿ, ಹಲಗೆ ಮೇಲಿರಲಿ. ಆರಿಸಿ ತೆಗೆದ ಬೂಷ್ಟು ಬೀಜವನ್ನು ಅಗ್ಗಕ್ಕೆ ಚಟ್ನಿಪುಡಿಯವರಿಗೆ ದಾಟಿಸಬೇಡಿ. ಹುರಿದರೂ ಆ ವಿಷ ಪೂರ್ತಿ ಸಾಯದು. ದನಕ್ಕೆ ಹಾಕಿದಿರೋ, ಹಾಲಿನಲ್ಲಿ ನಿಮ್ಮ ಮನೆಗೇ ವಾಪಸು ಬಂದೀತು!